ಮಜಲು ಗದ್ದೆಯಲ್ಲಿ ಮೇವಿನ ಬೀಟ್: ಬೀಜ ತಂದು, ಬೆಳೆದು, ಕಿತ್ತು ನೋಡಿದ ಮೇಲೆ

ಕಳೆದ ಅಕ್ಟೋಬರಿನಲ್ಲಿ ಉಡುಪಿ ಜಿಲ್ಲೆಯ ಬ್ರಹ್ಮಾವರ ಪೇಟೆಯ ಗೊಬ್ಬರ ಮತ್ತು ಬೀಜದ ಅಂಗಡಿಯೊಂದರಿಂದ ಮೇವಿನ ಬೀಟ್ ಬೀಜದ 250 ಗ್ರಾಂ ಪೊಟ್ಟಣವನ್ನು 650 ರೂಪಾಯಿ ಕೊಟ್ಟು ತಂದೆ. ನವೆಂಬರ್ 4ರಂದು ಬಿತ್ತಿ, ಫೆಬ್ರವರಿ 22ರಂದು ಮೊದಲ ಗೆಡ್ಡೆ ಕಿತ್ತು, ಏಪ್ರಿಲ್ 5ರಂದು ಕೊನೆಯ ಬುಟ್ಟಿಯನ್ನು ಹಟ್ಟಿಗೆ ಹಾಕಿ ಮುಗಿಸಿದ್ದೇನೆ. ಈ ಬೀಜದ ಬಗ್ಗೆ ನಮ್ಮ ಹಾಲಿನ ಸೊಸೈಟಿಯಲ್ಲಿ ಕನಿಷ್ಠ ಹತ್ತು ಮಂದಿ ಕೇಳಿದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುವುದು ಒಳ್ಳೆಯದೆಂದು ತೋರಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಬೀಜ ಒಳ್ಳೆಯದು, ದನಗಳಿಗೆ ಗೆಡ್ಡೆ ಬಹಳ ಇಷ್ಟ, ಆದರೆ ಹಸಿರು ಹುಲ್ಲಿಗೆ ಬದಲಾಗಿ ಇದನ್ನು ಬೆಳೆಯುವೆನೆಂದು ಯಾರಾದರೂ ಹೊರಟರೆ ಕರಾವಳಿಯ ಮಣ್ಣಿನಲ್ಲಿ ಅವರಿಗೆ ನಷ್ಟವಾಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಈ ಬೆಳೆಗೆ ನಮ್ಮಲ್ಲಿ ಅತ್ಯಗತ್ಯವಾಗಿ ಬೇಕಾದ ಎರಡು ವಿಷಯಗಳು ಪೊಟ್ಟಣದ ಮೇಲೆ ಇಲ್ಲವೇ ಇಲ್ಲ.

ನಮ್ಮದು ಬ್ರಹ್ಮಾವರದಿಂದ ಒಳಗಿರುವ ಹಳ್ಳಿ. ಹಟ್ಟಿಯಲ್ಲಿ ಎರಡು ಎಚ್.ಎಫ್. ಮಿಶ್ರತಳಿ, ಒಂದು ಜೆರ್ಸಿ ಮಿಶ್ರತಳಿ ಮತ್ತು ಅತ್ತೆಯವರು ತವರಿನಿಂದ ತಂದ ಸಂತತಿಯ ಒಂದು ಮಲೆನಾಡು ಗಿಡ್ಡ ಇವೆ. ಕಾರ್ತಿಯಲ್ಲಿ, ಅಂದರೆ ಮಳೆಗಾಲದ ಮೊದಲ ಬೆಳೆಯಾಗಿ, ಎಂ.ಓ.4 ತಳಿಯ ಭತ್ತ ಬೆಳೆಯುತ್ತೇವೆ. ಮೊದಲೆಲ್ಲ ಕೈಯಲ್ಲಿ ಕೊಯ್ದು, ಪಡಿಮಂಚಕ್ಕೆ ಬಡಿದು, ಉದ್ದುದ್ದದ ಬೈಹುಲ್ಲನ್ನು ಕುತ್ರೆ ಹಾಕಿದರೆ ಮಳೆಗಾಲದವರೆಗೂ ಅದು ಹಸನಾಗಿ ಉಳಿಯುತ್ತಿತ್ತು. ಈಗ ಕಟಾವು ಯಂತ್ರ ಬಂದ ಮೇಲೆ ಹುಲ್ಲು ಮುರಿದು, ಕೆಸರು ಮೆತ್ತಿಕೊಂಡು, ಅರ್ಧ ಗದ್ದೆಯಲ್ಲೇ ಉಳಿದುಬಿಡುತ್ತದೆ. ಕುಂಭ ಮಾಸದ ಹೊತ್ತಿಗೆ, ಅಂದರೆ ತುಳುವರ ಮಾಯಿ ತಿಂಗಳಲ್ಲಿ, ಗುಡ್ಡೆಯ ಹುಲ್ಲು ಒಣಗಿರುತ್ತದೆ, ಬಾವಿಯ ನೀರು ಇಳಿಯತೊಡಗಿರುತ್ತದೆ, ಬಾವಿಯ ಸಮೀಪ ನೆಟ್ಟಿರುವ ಸಿ.ಓ.4 ಎಂಬ ಮೇವಿನ ಹುಲ್ಲು ಮಾತ್ರ ಹಸಿರಾಗಿರುತ್ತದೆ. ಆ ದಿನಗಳಲ್ಲಿ ದನಗಳು ಒಣಹುಲ್ಲನ್ನು ಗೋದಲಿಯಲ್ಲಿ ಮೂಸಿ ಬಿಡುವುದನ್ನು ಕಂಡು ಕಂಡು ನನಗೆ ಬೇಸರವಾಗಿತ್ತು. ಕಾರ್ತಿ ಕೊಯ್ಲಾದ ಮಜಲು ಗದ್ದೆಯಲ್ಲಿ (ಎತ್ತರಕ್ಕೂ ತಗ್ಗಿಗೂ ನಡುವಿನ ಗದ್ದೆ) ಉದ್ದು ಹಾಕುವ ಬದಲು ಐದು ಸೆಂಟ್ಸ್ (ಎಕರೆಯ ಇಪ್ಪತ್ತರಲ್ಲಿ ಒಂದು ಪಾಲು) ಜಾಗದಲ್ಲಿ ಈ ಬೀಟ್ ಹಾಕಿ ನೋಡೋಣವೆಂದು ಹೊರಟದ್ದು ಇದೇ ಕಾರಣಕ್ಕೆ.

ಮೇವಿನ ಬೀಟ್ ಎಂಬುದು ನಾವು ಪಲ್ಯ ಮಾಡುವ ಬೀಟ್‌ರೂಟಿನ ಮತ್ತು ಸಕ್ಕರೆ ತೆಗೆಯುವ ಬೀಟಿನ ಒಡಹುಟ್ಟು. ಮೂರೂ ಒಂದೇ ಜಾತಿಯ ಸಸ್ಯಗಳು. ಇದರ ತಾಯಿನೆಲ ತಂಪು ದೇಶಗಳು. ಇಂಗ್ಲೆಂಡಿನಲ್ಲಿ ಚಳಿ ಬಲಿಯುವ ಮೊದಲು ಗೆಡ್ಡೆ ಕಿತ್ತು, ರಾಶಿ ಹಾಕಿ ಹುಲ್ಲು ಹೊದೆಸಿ, ಚಳಿಗಾಲದ ಕೊನೆಯವರೆಗೆ ತೆಗೆದು ತೆಗೆದು ಹಾಕುವುದು ಹಳೆಯ ಪದ್ಧತಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕೀಳುವ ಕೆಲಸವನ್ನೂ ಬಿಟ್ಟು, ವಿದ್ಯುತ್ ಬೇಲಿಯನ್ನು ದಿನಕ್ಕಿಷ್ಟು ಎಂದು ಸರಿಸುತ್ತಾ, ದನಗಳನ್ನೇ ಹೊಲಕ್ಕೆ ಬಿಟ್ಟು ಮೇಯಿಸುತ್ತಾರೆ. ನಮ್ಮ ದೇಶದಲ್ಲಿ ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯವರು ಇದನ್ನು ರಾಜಸ್ಥಾನದ ರೈತರಿಗೆ ಪರಿಚಯಿಸಿದ್ದಾರೆ. ಉಪ್ಪುನೀರನ್ನೂ ಸವಳು ಮಣ್ಣನ್ನೂ ಇದು ಸಹಿಸಿಕೊಳ್ಳುತ್ತದೆ ಎಂಬುದು ಅಲ್ಲಿ ದೊಡ್ಡ ಅನುಕೂಲ. ಅಲ್ಲಿಯ ಮಣ್ಣು ಕ್ಷಾರದ್ದು, ನಮ್ಮದು ಹುಳಿ ಮಣ್ಣು. ಈ ಒಂದು ವ್ಯತ್ಯಾಸ ನನ್ನ ಐದು ಸೆಂಟ್ಸಿನಲ್ಲಿ ಹೇಗೆ ಎದ್ದು ಕಂಡಿತೆಂಬುದನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಅಂಗಡಿಯವರ ಬಗ್ಗೆ ನನಗೆ ದೂರಿಲ್ಲ. "ಇಲ್ಲಿ ಇದನ್ನು ಯಾರೂ ಬೆಳೆದದ್ದು ನಾನು ನೋಡಿಲ್ಲ ಅಕ್ಕ, ಸ್ವಲ್ಪವೇ ಹಾಕಿ ನೋಡಿ" ಎಂದು ಅವರೇ ಮೊದಲು ಹೇಳಿದರು. ವ್ಯಾಪಾರ ಮಾಡುವವರು ಹಾಗೆ ಹೇಳುವುದು ಅಪರೂಪ. ನನ್ನ ಆಕ್ಷೇಪ ಇರುವುದು ಪೊಟ್ಟಣದ ಮೇಲೆ. ಸೂಚನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದ್ದು, ಬಿತ್ತುವ ಕಾಲ, ಸಾಲಿನ ಅಂತರ, ನೀರು, ಗೊಬ್ಬರ ಇಷ್ಟರಲ್ಲೇ ಮುಗಿಯುತ್ತವೆ. ಮಣ್ಣಿನ ಹುಳಿಯ ಬಗ್ಗೆ ಒಂದು ಸಾಲೂ ಇಲ್ಲ. ದನಗಳಿಗೆ ಇದನ್ನು ನಿಧಾನವಾಗಿ ರೂಢಿ ಮಾಡಿಸಬೇಕೆಂಬ, ಪ್ರಾಣಕ್ಕೇ ಸಂಬಂಧಿಸಿದ ಎಚ್ಚರಿಕೆಯೂ ಇಲ್ಲ. ಹಸುವಿನ ಚಿತ್ರವನ್ನು ಅಷ್ಟು ದೊಡ್ಡದಾಗಿ ಹಾಕಿದವರು ಅದರ ಕೆಳಗೆ ಈ ಎರಡು ಸಾಲುಗಳನ್ನು ಬರೆಯಬೇಕಿತ್ತು.

ಬೀಜದ ಗುಣಮಟ್ಟ ಮಾತ್ರ ಸಮಾಧಾನಕರ. ಬಿತ್ತುವ ಮೊದಲು ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಾಗ 71 ಮೊಳಕೆ ಬಂದವು. ನಾವು ಬೀಜ ಎನ್ನುವುದು ವಾಸ್ತವವಾಗಿ ಎರಡು ಮೂರು ಬೀಜಗಳು ಅಂಟಿಕೊಂಡ ಗುಚ್ಛ. ಅದರ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ಅಂಶವಿರುವುದರಿಂದ ಒಂದು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ ಬಿತ್ತುವುದು ಲೇಸು. ಒಂದೂವರೆ ಅಡಿಗೂ ತುಸು ಹೆಚ್ಚಿನ ಅಂತರದಲ್ಲಿ ಏರು ಮಾಡಿ, ಗೇಣಿಗೊಂದರಂತೆ ಹಾಕಿದೆ. ಪೊಟ್ಟಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಖರ್ಚಾಯಿತು. ಒಂದೊಂದು ಕಡೆ ಎರಡು ಮೂರು ಸಸಿಗಳು ಎದ್ದವು. ನಾಲ್ಕನೆಯ ವಾರದಲ್ಲಿ ಅವುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಕೀಳಲೇಬೇಕು. ನನಗೆ ಇದಕ್ಕೆ ಎರಡು ದಿನ ಬೇಕಾಯಿತು, ಮನಸ್ಸಿಗೂ ಕಷ್ಟವಾಯಿತು, ಏಕೆಂದರೆ ಹುಟ್ಟಿದ ಸಸಿಯನ್ನು ಕಿತ್ತು ಅಭ್ಯಾಸವಿಲ್ಲ. ಕಾಲುವೆಯ ಬದಿಯ ಒಂದು ಸಾಲನ್ನು ಹಾಗೆಯೇ ಬಿಟ್ಟಿದ್ದೆ. ಅಲ್ಲಿ ಕೊನೆಗೆ ಸಿಕ್ಕಿದ್ದು ಮೂಲಂಗಿಯಷ್ಟು ದಪ್ಪದ, ಒಂದನ್ನೊಂದು ಸುತ್ತಿಕೊಂಡ ಬೇರುಗಳು.

ಈಗ ಸುಣ್ಣದ ವಿಷಯ. ಹಿಂದಿನ ವರ್ಷ ಮಣ್ಣು ಪರೀಕ್ಷೆ ಮಾಡಿಸಿದಾಗ ಆ ಗದ್ದೆಯ ರಸಸಾರ (ಪಿ.ಎಚ್.) 5.3 ಎಂದು ಬಂದಿತ್ತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿದು ಸುಣ್ಣದಂಶವನ್ನೆಲ್ಲ ತೊಳೆದೊಯ್ಯುವ ನಮ್ಮ ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ ಇದು ಸಾಮಾನ್ಯ, ಭತ್ತ ಅದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಬೀಟ್ ಸಹಿಸುವುದಿಲ್ಲ, ಅದಕ್ಕೆ ಆರಕ್ಕಿಂತ ಮೇಲಿನ ರಸಸಾರ ಬೇಕು. ಅಡಿಕೆ ತೋಟಕ್ಕೆಂದು ತಂದು ಉಳಿದಿದ್ದ 20 ಕಿಲೋ ಸುಣ್ಣವನ್ನು ಬಿತ್ತನೆಗೆ ಎರಡು ವಾರ ಮೊದಲು ತಾಕಿನ ಅರ್ಧಕ್ಕೆ ಹಾಕಿ ಮಣ್ಣಿನಲ್ಲಿ ಬೆರೆಸಿದೆ. ಇನ್ನರ್ಧಕ್ಕೆ ತಂದು ಹಾಕೋಣವೆಂದುಕೊಂಡದ್ದು ಕೊಯ್ಲಿನ ಗಡಿಬಿಡಿಯಲ್ಲಿ ಆಗಲಿಲ್ಲ. ಹೀಗೆ ಉದ್ದೇಶವಿಲ್ಲದೆಯೇ ಒಂದು ಹೋಲಿಕೆಯ ತಾಕು ತಯಾರಾಯಿತು. ಡಿಸೆಂಬರ್ ಮಧ್ಯದಲ್ಲಿಯೇ ದಾರಿಯಲ್ಲಿ ಹೋಗುವವರು ನಿಂತು ಕೇಳುವಷ್ಟು ವ್ಯತ್ಯಾಸ ಕಾಣಿಸಿತು: ಸುಣ್ಣ ಹಾಕಿದ ಕಡೆ ಎಲೆಗಳು ಮೊಣಕಾಲಿನವರೆಗೆ ಎದ್ದು ನಿಂತಿದ್ದರೆ, ಹಾಕದ ಕಡೆ ಹಳದಿಗಟ್ಟಿ ನೆಲಕ್ಕೆ ಅಂಟಿಕೊಂಡಿದ್ದವು.

ಜನವರಿಯಲ್ಲಿ ಇನ್ನೊಂದು ತೊಂದರೆ ಬಂತು. ಎರಡೂ ಭಾಗಗಳಲ್ಲಿ ಕೆಲವು ಗಿಡಗಳ ನಡುವಿನ ಎಳೆ ಎಲೆಗಳು ಕಪ್ಪಾಗಿ ಸುರುಟಿ ಸಾಯತೊಡಗಿದವು. ಒಂದನ್ನು ಕಿತ್ತು ಸೀಳಿದರೆ ಗೆಡ್ಡೆಯ ತಲೆಭಾಗ ಒಳಗೇ ಕಂದು ಬಣ್ಣಕ್ಕೆ ತಿರುಗಿತ್ತು. ಇದು ಬೋರಾನ್ ಕೊರತೆ. ಬೀಟ್ ಜಾತಿಯ ಬೆಳೆಗಳಿಗೆ ಈ ಪೋಷಕಾಂಶ ಉಳಿದ ಬೆಳೆಗಳಿಗಿಂತ ಹೆಚ್ಚು ಬೇಕು, ಮಳೆ ತೊಳೆದ ಮಣ್ಣಿನಲ್ಲಿ ಅದು ಇರುವುದೇ ಕಡಿಮೆ, ಸುಣ್ಣ ಹಾಕಿದಾಗ ಇರುವುದೂ ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಸುಣ್ಣ ಹಾಕುವವರು ಬೋರಾಕ್ಸನ್ನೂ ಮರೆಯಬಾರದು. ಐದು ಸೆಂಟ್ಸಿಗೆ 200 ಗ್ರಾಂ ಸಾಕು, ಅದನ್ನು ಮರಳಿನಲ್ಲಿ ಬೆರೆಸಿ ಸಮನಾಗಿ ಚೆಲ್ಲಬೇಕು. ಹೆಚ್ಚಾದರೆ ಅದೇ ವಿಷವಾಗುತ್ತದೆ. ನಾನು ಹಾಕಿದ್ದು ತಡವಾಗಿ. ಹೊಸ ಎಲೆಗಳು ಸರಿಯಾಗಿ ಬಂದವಾದರೂ ಆಗಲೇ ಕಪ್ಪಾಗಿದ್ದ ಗೆಡ್ಡೆಗಳು ಚೇತರಿಸಿಕೊಳ್ಳಲಿಲ್ಲ. ಬಿತ್ತುವ ಮೊದಲೇ ಹಾಕಿದ್ದರೆ ಸುಮಾರು ನೂರು ಗಿಡಗಳಾದರೂ ಉಳಿಯುತ್ತಿದ್ದವು.

ನಾಲ್ಕೈದು ದಿನಗಳಿಗೊಮ್ಮೆ ತುಂತುರು ನೀರು ಕೊಟ್ಟೆವು. ನವಿಲುಗಳು ಎಳೆ ಸಸಿಗಳನ್ನು ಕೀಳುತ್ತವೆ, ಹಳೆಯ ಮೀನುಬಲೆ ಹೊದೆಸಿದ್ದರಿಂದ ನಿಂತಿತು. ಎಲೆಗಳಲ್ಲಿ ಚುಕ್ಕೆ ರೋಗ ಸ್ವಲ್ಪ ಕಾಣಿಸಿದರೂ ಔಷಧ ಹೊಡೆಯಲಿಲ್ಲ.

ಕೀಳುವ ಕೆಲಸವನ್ನು ಕುರಿತು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಬೆಳೆ ಒಳ್ಳೆಯದಾಗಿದ್ದರೂ ಕೀಳುವಾಗ ಮಾಡುವ ತಪ್ಪುಗಳಿಂದ ಅರ್ಧ ಕೊಳೆತುಹೋಗಬಹುದು. ಫೆಬ್ರವರಿ 22ರ ಬೆಳಿಗ್ಗೆ ಆರೂವರೆಗೆ ನಾನು, ಅತ್ತೆ ಮತ್ತು ನಮ್ಮ ಮನೆಯವರು ಗದ್ದೆಗೆ ಇಳಿದೆವು. ನಮ್ಮಲ್ಲಿ ಚಳಿಗಾಲದ ಕೊನೆ ಎಂದರೆ ಮುಂಜಾನೆಯ ಇಬ್ಬನಿ ಮತ್ತು ಹತ್ತು ಗಂಟೆಯ ಬಿಸಿಲು ಎರಡೂ ಒಟ್ಟಿಗೆ ಇರುವ ದಿನಗಳು. ಹಿಂದಿನ ನಾಲ್ಕು ದಿನ ನೀರು ನಿಲ್ಲಿಸಿ, ಹಿಂದಿನ ಸಂಜೆ ಮಾತ್ರ ಸ್ವಲ್ಪ ತೋಯಿಸಿದ್ದೆ, ಇಲ್ಲವಾದರೆ ಮುರ ಮಣ್ಣು ಕಲ್ಲಿನಂತೆ ಗೆಡ್ಡೆಯನ್ನು ಹಿಡಿದುಕೊಳ್ಳುತ್ತದೆ. ಸುಣ್ಣ ಹಾಕಿದ ಭಾಗದಲ್ಲಿ ಗೆಡ್ಡೆಗಳು ಅರ್ಧದಷ್ಟು ನೆಲದ ಮೇಲೆಯೇ ಕುಳಿತಿದ್ದವು. ಕಿತ್ತಳೆ ಬಣ್ಣದ ಸಿಪ್ಪೆ, ಒಳಗೆ ಬಿಳಿ ತಿರುಳು. ಎಲೆಗಳ ಬುಡವನ್ನು ಎರಡೂ ಕೈಗಳಲ್ಲಿ ಹಿಡಿದು ಒಂದು ಸಲ ಓರೆಯಾಗಿ ಅಲುಗಿಸಿ ಎಳೆದರೆ ಸಾಕು, ಯಾವ ಸಲಕರಣೆಯೂ ಬೇಕಾಗಲಿಲ್ಲ. ಅತ್ತೆಯವರು ಮೊದಲನೆಯದನ್ನು ಕಿತ್ತು, ಮಣ್ಣು ಒರೆಸಿ, ಬೆರಳಿನಿಂದ ತಟ್ಟಿ ನೋಡಿ, "ಇದ್ ದನಕ್ ಹಾಕುದಾ, ಮನ್ಶರ್ ತಿಂಬುದಾ?" ಎಂದು ನಿಜವಾಗಿಯೂ ಕೇಳಿದರು. ಅದು ತೂಕಕ್ಕೆ ಒಂದೂಮುಕ್ಕಾಲು ಕಿಲೋ ಇತ್ತು, ನಮ್ಮ ಇಡೀ ಬೆಳೆಯಲ್ಲಿ ಅದೇ ದೊಡ್ಡದು. ಸುಣ್ಣವಿಲ್ಲದ ಭಾಗದಲ್ಲಿ ಕೆಲಸವೇ ಬೇರೆ. ಅಲ್ಲಿ ಬೇರುಗಳು ಕೆಳಗೆ ಹೋಗಲಾರದೆ ಕವಲೊಡೆದು ಕಲ್ಲುಗಳನ್ನು ತಬ್ಬಿಕೊಂಡಿದ್ದವು. ಪಿಕ್ಕಾಸಿನಿಂದ ಪಕ್ಕದ ಮಣ್ಣು ಸಡಿಲಿಸಿದರೂ ಮೂರರಲ್ಲಿ ಒಂದು ಮುರಿಯುತ್ತಿತ್ತು.

ಎಲೆಯನ್ನು ಕತ್ತಿಯಿಂದ ಕತ್ತರಿಸಬಾರದು, ಕೈಯಿಂದ ತಿರುಚಿ ಮುರಿಯಬೇಕು. ಮೊದಲ ದಿನ ಬೇಗ ಆಗಲೆಂದು ಕತ್ತಿ ಬಳಸಿದ ಒಂದು ಬುಟ್ಟಿಯ ಗೆಡ್ಡೆಗಳು ತಲೆಯ ಗಾಯದಿಂದಲೇ ಐದನೆಯ ದಿನಕ್ಕೆ ಕೊಳೆಯತೊಡಗಿದವು. ಮಣ್ಣು ಉದುರಿಸಲು ಒಂದಕ್ಕೊಂದು ಬಡಿಯುವುದೂ ತಪ್ಪು, ಜಜ್ಜಿದ ಕಡೆ ಬೂಸ್ಟು ಹಿಡಿಯುತ್ತದೆ. ತೊಳೆಯುವುದು ತಿನ್ನಿಸುವ ದಿನ ಮಾತ್ರ. ತೊಳೆದಿಟ್ಟರೆ ಬಾಳುವುದಿಲ್ಲ, ತೊಳೆಯದೆ ಕೊಟ್ಟರೆ ಮಣ್ಣು ಹೊಟ್ಟೆಗೆ ಹೋಗಿ ದನಗಳಿಗೆ ಬೇಧಿಯಾಗುತ್ತದೆ. ಕವಲೊಡೆದ ಬೇರುಗಳ ಸಂದಿನ ಮಣ್ಣು ತೆಗೆಯಲು ತೆಂಗಿನ ಸಿಪ್ಪೆಯಿಂದ ಉಜ್ಜಬೇಕಾಯಿತು.

ಮೊದಲ ದಿನವೇ ಉತ್ಸಾಹದಿಂದ ಒಂದೂವರೆ ಕ್ವಿಂಟಾಲ್ ಕಿತ್ತು, ಹಟ್ಟಿಯ ಮಾಡಿನ ಕೆಳಗೆ ತೆಂಗಿನ ಮಡಲು ಹಾಸಿ ರಾಶಿ ಹಾಕಿದೆವು. ಒಂಬತ್ತನೆಯ ದಿನಕ್ಕೆ ಸಿಪ್ಪೆ ಸುಕ್ಕುಗಟ್ಟಿತು, ಹನ್ನೆರಡನೆಯ ದಿನ ರಾಶಿಯ ನಡುವಿನಿಂದ ಹುಳಿ ವಾಸನೆ ಬಂತು. ಸುಮಾರು 60 ಕಿಲೋ ಗೊಬ್ಬರದ ಗುಂಡಿಗೆ ಹೋಯಿತು. ತಿಂಗಳುಗಟ್ಟಲೆ ಕಾಪಿಡುವುದು ಚಳಿ ದೇಶದವರಿಗೆ ಸಾಧ್ಯ, 33 ಡಿಗ್ರಿಯ ಮಧ್ಯಾಹ್ನದಲ್ಲಿ ಸಾಧ್ಯವಿಲ್ಲ. ಅಂದಿನಿಂದ ಗದ್ದೆಯನ್ನೇ ಉಗ್ರಾಣ ಮಾಡಿಕೊಂಡು, ಮೂರು ದಿನಗಳಿಗೆ ಬೇಕಾದಷ್ಟನ್ನು ಮಾತ್ರ ಕಿತ್ತೆವು. ನೆಲದಲ್ಲಿ ಉಳಿದವು ಏಪ್ರಿಲ್ ಮೊದಲ ವಾರದವರೆಗೂ ಕೆಡಲಿಲ್ಲ, ಸ್ವಲ್ಪ ನಾರು ಮಾತ್ರ ಹೆಚ್ಚಾಯಿತು. ಆದರೆ ಅಷ್ಟು ದಿನ ಆ ಗದ್ದೆಗೆ ನೀರು ಕೊಡುತ್ತಲೇ ಇರಬೇಕಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಿನ್ನಿಸುವ ಕ್ರಮದಲ್ಲಿ ಯಾರೂ ಅವಸರ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗೆಡ್ಡೆಯ ತುಂಬ ಸಕ್ಕರೆ ಇರುತ್ತದೆ. ರೂಢಿಯಿಲ್ಲದ ಹಸು ಒಮ್ಮೆಲೇ ಹೆಚ್ಚು ತಿಂದರೆ ಮೊದಲ ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಜೀವಕ್ಕೇ ಅಪಾಯವಾಗುತ್ತದೆ. ಮಿಶ್ರತಳಿ ಹಸುವೊಂದಕ್ಕೆ ಮೊದಲ ದಿನ ಒಂದು ಕಿಲೋ ಕೊಟ್ಟು, ಎರಡು ದಿನಗಳಿಗೊಮ್ಮೆ ಒಂದೊಂದು ಕಿಲೋ ಏರಿಸಿ, ಎರಡು ವಾರಗಳಲ್ಲಿ ಎಂಟು ಕಿಲೋಗೆ ನಿಲ್ಲಿಸಿದೆ. ಗಿಡ್ಡಕ್ಕೆ ಮೂರು ಕಿಲೋ ದಾಟಿಸಲಿಲ್ಲ. ಪ್ರತಿ ಸಲವೂ ಮೊದಲು ಬೈಹುಲ್ಲು, ಆಮೇಲೆ ಗೆಡ್ಡೆ. ಚಿಕ್ಕ ಗೆಡ್ಡೆಗಳನ್ನು ಇಡಿಯಾಗಿ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಎಲ್ಲವನ್ನೂ ಮೆಟ್ಟುಕತ್ತಿಯಲ್ಲಿ ಬೆರಳು ದಪ್ಪದ ಹೋಳು ಮಾಡುತ್ತಿದ್ದೆವು. ದಿನಕ್ಕೆ 27 ಕಿಲೋ ಹೆಚ್ಚಲು ಮುಕ್ಕಾಲು ಗಂಟೆ ಬೇಕು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕಿ ನೋಡಿದೆ, ಗೆಡ್ಡೆ ಜಾರಿ ತಿರುಗುತ್ತದೆಯೇ ಹೊರತು ಸರಿಯಾಗಿ ಕತ್ತರಿಸುವುದಿಲ್ಲ.

ಮಾರ್ಚ್ ಮೊದಲ ವಾರದಲ್ಲಿ, ರಜೆಗೆ ಬಂದಿದ್ದ ಮೈದುನನ ಮಗ ಪ್ರೀತಿಯಿಂದಲೇ ಜೆರ್ಸಿ ಹಸುವಿನ ಮುಂದೆ ಒಂದು ಬುಟ್ಟಿ ಹೆಚ್ಚುವರಿ ಹೋಳು ಸುರಿದಿದ್ದ. ಸಂಜೆಗೆ ಅದು ಮೇವು ಬಿಟ್ಟಿತು, ಸಗಣಿ ನೀರಾಯಿತು, ಕಿವಿ ಜೋತುಬಿದ್ದವು. ಪಶುವೈದ್ಯರು ರಾತ್ರಿಯೇ ಬಂದು ಅಡುಗೆ ಸೋಡಾ ಕರಗಿಸಿದ ನೀರು ಕುಡಿಸಿ ಚಿಕಿತ್ಸೆ ಮಾಡಿದರು. ಎರಡು ದಿನ ಗೆಡ್ಡೆ ನಿಲ್ಲಿಸಿ ಒಣಹುಲ್ಲು ಮಾತ್ರ ಹಾಕಿದ ಮೇಲೆ ಹಸು ಸುಧಾರಿಸಿತು. ಆ ರಾತ್ರಿ ಹಟ್ಟಿಯಲ್ಲೇ ಕುಳಿತಿದ್ದ ನನಗೆ ಆ ಪೊಟ್ಟಣದ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಗು ಹಾಕಿದ್ದು ತಿಳಿಯದೆ, ತಿಳಿಸಬೇಕಾದವರು ತಿಳಿಸಿರಲಿಲ್ಲ.

ಎಲೆಗಳಲ್ಲಿ ಗೆಡ್ಡೆಗಿಂತ ಪ್ರೋಟೀನ್ ಹೆಚ್ಚು, ಆದರೆ ಆಕ್ಸಲೇಟ್ ಎಂಬ ಅಂಶ ಇರುವುದರಿಂದ ಒಂದು ದಿನ ನೆರಳಿನಲ್ಲಿ ಬಾಡಿಸಿ, ಸ್ವಲ್ಪ ಸ್ವಲ್ಪವಾಗಿ, ಬೈಹುಲ್ಲಿನ ಜೊತೆ ಬೆರೆಸಿ ಹಾಕಿದೆ. ಖನಿಜ ಮಿಶ್ರಣವನ್ನು ತಪ್ಪಿಸಲಿಲ್ಲ. ಗೆಡ್ಡೆಯಲ್ಲಿ ಪ್ರೋಟೀನ್ ಕಡಿಮೆ, ಆದ್ದರಿಂದ ಹಿಂಡಿಯನ್ನು ಕಡಿತಗೊಳಿಸಿ ಹಣ ಉಳಿಸುವ ಆಸೆಯನ್ನು ಬಿಡಬೇಕು.

ಹಾಲಿನ ಲೆಕ್ಕ ಹೀಗಿದೆ. ಮೂರು ಹಸುಗಳಲ್ಲಿ ಎರಡು ಸಂಜೆಯ ಕರಾವಿನಲ್ಲಿ ತಲಾ ಅರ್ಧ ಲೀಟರಿನಷ್ಟು ಹೆಚ್ಚು ಕೊಟ್ಟವು, ಜೆರ್ಸಿ ಹಸು ಮೊದಲಿನಷ್ಟೇ ಕೊಟ್ಟಿತು. ಸೊಸೈಟಿಯಲ್ಲಿ ಕೊಬ್ಬಿನ ಅಂಕೆ ಹೆಚ್ಚೂಕಡಿಮೆ ಅಲ್ಲೇ ನಿಂತಿತು. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇನ್ನೊಂದು ಸಂಗತಿ: ಮೆಟ್ಟುಕತ್ತಿಯ ಸದ್ದು ಕೇಳಿದೊಡನೆ ನಾಲ್ಕೂ ದನಗಳು ಎದ್ದು ನಿಲ್ಲುತ್ತಿದ್ದವು, ಗೆಡ್ಡೆಯ ರಸ ತಾಗಿದ ಒಣಹುಲ್ಲನ್ನು ಗೋದಲಿಯ ತಳದವರೆಗೂ ನೆಕ್ಕಿ ತಿನ್ನುತ್ತಿದ್ದವು. ಬೇಸಿಗೆಯ ಬಾಯಿಗೆ ಬಂದ ದಿನಗಳಲ್ಲಿ, ಮೂಸಿ ಬಿಡುತ್ತಿದ್ದ ಆ ಹುಲ್ಲು ಹಾಳಾಗದೆ ಹೊಟ್ಟೆ ಸೇರಿತು.

ಆದರೆ ತೂಕದ ಪುಸ್ತಕ ತೆರೆದರೆ ಸತ್ಯ ಬೇರೆ ಕಾಣುತ್ತದೆ. ಸುಣ್ಣ ಹಾಕಿದ ಅರ್ಧದಲ್ಲಿ 650 ಗೆಡ್ಡೆಗಳಿಂದ 715 ಕಿಲೋ, ಹಾಕದ ಅರ್ಧದಲ್ಲಿ 450 ಗೆಡ್ಡೆಗಳಿಂದ 270 ಕಿಲೋ, ಒಟ್ಟು 985 ಕಿಲೋ ಸಿಕ್ಕಿತು. ಗೆಡ್ಡೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ನೀರೇ ಎಂದು ಹಿಡಿದರೆ ಒಣ ಪದಾರ್ಥ ಹೆಚ್ಚೆಂದರೆ 148 ಕಿಲೋ. ದಿನಕ್ಕೆ ಎಂಟು ಕಿಲೋ ತಿಂದ ಹಸುವಿಗೆ ಇದರಿಂದ ಸಿಕ್ಕಿದ್ದು ಒಂದು ಕಿಲೋಗೆ ತುಸು ಮಿಕ್ಕಿದ ಒಣ ಆಹಾರ, ಅದರ ದಿನದ ಅಗತ್ಯದ ಹತ್ತನೇ ಒಂದು ಪಾಲು. ಪಕ್ಕದಲ್ಲೇ ಅಷ್ಟೇ ಜಾಗದಲ್ಲಿರುವ ಸಿ.ಓ.4 ಹುಲ್ಲು, ಅಂದರೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ 2008ರ ತಳಿ, ಬಿತ್ತನೆಯಿಂದ ಮೊದಲ ಗೆಡ್ಡೆ ಕೀಳುವವರೆಗಿನ ಅದೇ 110 ದಿನಗಳಲ್ಲಿ ಎರಡು ಕಟಾವಿಗೆ 1,900 ಕಿಲೋ ಕೊಟ್ಟಿತು. ಒಣ ಪದಾರ್ಥದ ಲೆಕ್ಕದಲ್ಲಿ ಬೀಟಿನ ಎರಡು ಪಟ್ಟಿಗೂ ಮಿಕ್ಕಿ. ಬೀಜ ಕೊಳ್ಳಬೇಕಾಗಿಲ್ಲ, ಸಸಿ ತೆಳುಗೊಳಿಸಬೇಕಾಗಿಲ್ಲ, ತೊಳೆದು ಹೆಚ್ಚಬೇಕಾಗಿಲ್ಲ. ನೀರಿನ ಆಸರೆಯಿದ್ದು ಹುಲ್ಲು ನೆಡಲು ಇನ್ನೂ ಜಾಗವಿರುವವರು ಮೊದಲು ಅದನ್ನೇ ನೆಡಬೇಕು.

ಹಾಗಿದ್ದರೂ ನಾನು ಈ ಬೀಜವನ್ನು ಮತ್ತೆ ಬಿತ್ತುತ್ತೇನೆ, ಐದು ಸೆಂಟ್ಸಲ್ಲ, ಎರಡೇ ಸೆಂಟ್ಸ್. ಮಳೆಗಾಲದಲ್ಲಿ ಹುಲ್ಲಿಗೆ ಬಿಟ್ಟುಕೊಡಲಾಗದ ಭತ್ತದ ಗದ್ದೆಯಲ್ಲಿ, ಕಾರ್ತಿ ಕೊಯ್ಲಿನಿಂದ ಬೇಸಿಗೆಯವರೆಗಿನ ಬಿಡುವಿನಲ್ಲಿ, ಕರೆಯುವ ಎರಡು ಮೂರು ದನಗಳಿಗೆ ಬೈಹುಲ್ಲಿನ ಜೊತೆಗೆ ರುಚಿಯಾಗಿ ಕೊಡಲು ಅಷ್ಟು ಸಾಕು. ಆರೇಳು ಹಸುಗಳಿದ್ದು ಕೆಲಸಕ್ಕೆ ಒಬ್ಬರೇ ಇರುವ ಮನೆಯವರು ತರುವುದು ಬೇಡ. ಈ ಗಿಡ ಹೂ ಬಿಡುವುದು ಎರಡನೆಯ ವರ್ಷದಲ್ಲಿ, ಅದೂ ನಡುವೆ ಗಟ್ಟಿ ಚಳಿ ಸಿಕ್ಕರೆ ಮಾತ್ರ. ಆದ್ದರಿಂದ ನಮ್ಮಲ್ಲಿ ಬೀಜ ಮಾಡಿಕೊಳ್ಳಲು ಆಗುವುದಿಲ್ಲ, ಮುಗಿದಾಗ ಪುನಃ ಕೊಂಡೇ ತರಬೇಕು. ಪೊಟ್ಟಣದಲ್ಲಿ ಇನ್ನೂ 100 ಗ್ರಾಂ ಉಳಿದಿದೆ. ಅಕ್ಟೋಬರಿನಲ್ಲಿ ಪುನಃ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು ನೋಡಿ, ಐವತ್ತಾದರೂ ಮೊಳೆತರೆ ಅದನ್ನೇ ಹಾಕುತ್ತೇನೆ. ಸುಣ್ಣ ಮತ್ತು ಬೋರಾಕ್ಸ್ ಈಗಲೇ ತಂದು ಅಟ್ಟದಲ್ಲಿ ಇಟ್ಟಾಗಿದೆ.